ವೊಂಬ್ಯಾಟ್ ಮೇಲೆ ಹೊರಿಸಿದ ಅಪವಾದ

2022ರ ಅಕ್ಟೋಬರ್ 14, ಶುಕ್ರವಾರ. ಎರಡು ದಿನ ಬಿಡದೆ ಹೊಡೆದ ಮಳೆ ಬೆಳಗಿನ ಹೊತ್ತಿಗೆ ಸ್ವಲ್ಪ ಹೊಳವಾಗಿತ್ತು. ಕೋಳಿಗಳಿಗೆ ಕಾಳು ಹಾಕಲು ಹೋದ ಹೆಂಡತಿ ಅಲ್ಲಿಂದಲೇ ಕೂಗಿದಳು: "ರೀ, ಬೇಗ ಬನ್ನಿ, ಟ್ಯಾಂಕ್ ಹತ್ರ ನೆಲ ಬಾಯಿ ಬಿಟ್ಟಿದೆ!"

ಟ್ಯಾಂಕ್ ಅಂದರೆ ಮಳೆನೀರು ಹಿಡಿಯುವ 22,500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್. ತುಂಬಿದಾಗ ನೀರಿನ ತೂಕವೇ 22.5 ಟನ್. ಅದು ಕೂತಿದ್ದ ಸಮತಟ್ಟಿನ ಹೊರ ಅಂಚಿನಲ್ಲಿ ಕುಡುಗೋಲಿನ ಆಕಾರದ ಬಿರುಕು. ನಾಲ್ಕು ಮೀಟರ್ ಉದ್ದ, ಹೆಬ್ಬೆರಳು ಇಳಿಯುವಷ್ಟು ಅಗಲ. ಬಿರುಕಿನ ಕೆಳಮಗ್ಗುಲು ಎರಡು ಬೆರಳಿನಷ್ಟು ತಗ್ಗಿ ಕೂತಿತ್ತು. ಅದರ ನೇರ ಕೆಳಗೆ, ಇಳಿಜಾರಿನಲ್ಲಿ, ಒಂದು ವೊಂಬ್ಯಾಟ್ ಬಿಲ. ನೆಲ ತೋಡಿ ಬದುಕುವ ಇಲ್ಲಿನ ಕಾಡುಪ್ರಾಣಿ ಅದು. ಸೆಪ್ಟೆಂಬರಿನಲ್ಲಿ ತೋಡಿದ್ದು.

ಇನ್ನೇನು ಬೇಕು? ಕಳ್ಳ ಸಿಕ್ಕಿದ ಅಂದುಕೊಂಡೆವು. ಆ ತೀರ್ಮಾನ ತಪ್ಪು ಅಂತ ಗೊತ್ತಾಗಲು ಐದು ವಾರ ಹಿಡಿಯಿತು.

ಜಾಗ ಎಂಥದ್ದು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, ಮೆಲ್ಬರ್ನಿನಿಂದ ಆಗ್ನೇಯಕ್ಕೆ ಸುಮಾರು ನೂರು ಕಿಲೋಮೀಟರ್. ದಕ್ಷಿಣ ಗಿಪ್ಸ್‌ಲ್ಯಾಂಡಿನ ಪೂವಾಂಗ್ ಮತ್ತು ಕೋರಂಬರಾ ಊರುಗಳ ನಡುವಿನ ಗುಡ್ಡಗಳು. ಸ್ಟ್ರೆಜ್‌ಲೆಕಿ ಬೆಟ್ಟಸಾಲಿನ ಪಶ್ಚಿಮದ ಬಾಲ. 1840ರಲ್ಲಿ ಈ ಕಡೆ ಬಂದ ಪೋಲೆಂಡಿನ ಅನ್ವೇಷಕನ ಹೆಸರು ಬೆಟ್ಟಕ್ಕೆ ಬಂತು. 1870ರ ದಶಕದಿಂದ ವಲಸೆಗಾರರು ಇಲ್ಲಿನ ದೊಡ್ಡ ಕಾಡನ್ನು ಕಡಿದು, ಸುಟ್ಟು ಹುಲ್ಲುಗಾವಲು ಮಾಡಿದರು. ಆ ಕಾಡಿನಲ್ಲಿದ್ದದ್ದು ಮೌಂಟನ್ ಆಶ್, ಅಂದರೆ ನಮ್ಮ ನೀಲಗಿರಿ ಮರದ ಜಾತಿಯಲ್ಲೇ ಅತಿ ಎತ್ತರಕ್ಕೆ ಹೋಗುವುದು. ಬೇರು ಕೊಳೆತ ಮೇಲೆ ಗುಡ್ಡಗಳು ಜಾರಲು ಶುರು. ಈಗಲೂ ರಸ್ತೆಯಲ್ಲಿ ಹೋಗುವಾಗ ಹಸಿರು ಇಳಿಜಾರುಗಳು ಮಡಚಿದ ಕಂಬಳಿಯ ಹಾಗೆ ಸುಕ್ಕುಗಟ್ಟಿರುವುದು ಕಾಣುತ್ತದೆ. ನೋಡಲು ಚಂದ. ಅದು ಹಳೆಯ ಕುಸಿತದ ಗುರುತು ಅಂತ ಜಾಗ ತಗೊಳ್ಳುವಾಗ ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

2022ರ ಮಾರ್ಚಿನಲ್ಲಿ ನಾವು ಬಂದದ್ದು. 24 ಎಕರೆ, ಮನೆ ಗುಡ್ಡದ ಮುಕ್ಕಾಲು ಎತ್ತರದಲ್ಲಿ. ಇಳಿಜಾರು ಸರಾಸರಿ 18 ಡಿಗ್ರಿ. ನಾನು ಕೊಪ್ಪ ಕಡೆಯವನು. ಗುಡ್ಡ, ಮಳೆ, ಉಂಬಳ ಎಲ್ಲ ನೋಡಿಯೇ ಬೆಳೆದವನು ಅನ್ನುವ ಜಂಬ ಇತ್ತು. ಇಲ್ಲಿನ ಹಸಿ ಕಾಡಿನಲ್ಲೂ ಉಂಬಳ ಇದೆ, ಸರಿ. ಆದರೆ ಉಳಿದದ್ದು ಬೇರೆ. ನಮ್ಮೂರಲ್ಲಿ ಮನೆ ಕಣಿವೆಯಲ್ಲಿ, ತೋಟದ ತಲೆಯಲ್ಲಿ ಇರುತ್ತದೆ. ನೀರು ಗುಡ್ಡದಿಂದ ತಾನಾಗಿ ಇಳಿದು ಬರುತ್ತದೆ. ಇಲ್ಲಿ ಮನೆಯೇ ಮೇಲೆ. ಕುಡಿಯುವ ನೀರು, ಸ್ನಾನದ ನೀರು ಎಲ್ಲ ಮಾಡಿನ ಮೇಲೆ ಬಿದ್ದದ್ದೇ. ಮಳೆ ವರ್ಷಕ್ಕೆ ಸುಮಾರು 1000 ಮಿಲಿಮೀಟರ್. ಆಗುಂಬೆಯ ಲೆಕ್ಕದಲ್ಲಿ ಅದು ಮಳೆಯೇ ಅಲ್ಲ. ಆದರೆ ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬರುತ್ತದೆ. ಮಣ್ಣಿಗೆ ಪೂರ್ತಿ ಒಣಗಲು ಪುರುಸೊತ್ತೇ ಸಿಗುವುದಿಲ್ಲ.

ಬೇಲಿಯ ಕಥೆ

ಆಗಸ್ಟಿನಲ್ಲಿ ಒಂದು ಎಕರೆಗೆ ಬೇಲಿ ಹಾಕಿಸಿದೆವು. ತರಕಾರಿ, ನಾಲ್ಕು ನಿಂಬೆ ಗಿಡ, ಹತ್ತು ಕೋಳಿ. ಮೊಲ, ನರಿ, ವಾಲಬಿ (ಚಿಕ್ಕ ಜಾತಿಯ ಕಾಂಗರೂ) ಮೂರನ್ನೂ ತಡೆಯುವಂತೆ ಬಲೆ ಕಟ್ಟಿ, ಅದರ ಕೆಳ ಅಂಚನ್ನು ಹೊರಗಡೆ ನೆಲದ ಮೇಲೆ ಒಂದು ಮೊಳ ಹಾಸಿ, ಗೂಟ ಹೊಡೆದರು. ಮೊಲ ಬೇಲಿಯ ಬುಡದಲ್ಲೇ ಕೆರೆಯುವುದರಿಂದ ಈ ಹಾಸು ಅದಕ್ಕೆ ಸಾಕು. ವೊಂಬ್ಯಾಟಿಗೆ ಇದು ಲೆಕ್ಕಕ್ಕೇ ಇಲ್ಲ.

ನೋಡದವರಿಗೆ ಹೇಳುವುದಾದರೆ, ವೊಂಬ್ಯಾಟ್ ಅಂದರೆ ಗಿಡ್ಡ ಕಾಲಿನ, ಪೀಪಾಯಿಯಂಥ ಮೈಯ, ಕರಡಿಮರಿ ಮುಖದ ಪ್ರಾಣಿ. 25ರಿಂದ 35 ಕಿಲೋ ತೂಗುತ್ತದೆ. ಕಾಂಗರೂ ಹಾಗೆ ಹೊಟ್ಟೆಚೀಲ ಇದೆ, ಆದರೆ ಚೀಲದ ಬಾಯಿ ಹಿಂದಕ್ಕೆ. ಇಲ್ಲದಿದ್ದರೆ ಬಿಲ ತೋಡುವಾಗ ಮಣ್ಣೆಲ್ಲ ಮರಿಯ ಮೇಲೆ ಬೀಳಬೇಕಿತ್ತು. ಅದರ ಲದ್ದಿ ಪಗಡೆ ದಾಳದ ಹಾಗೆ ಚೌಕ. ಕಲ್ಲಿನ ಮೇಲೆ, ಮರದ ದಿಮ್ಮಿಯ ಮೇಲೆ ಇಟ್ಟು ಹೋಗುತ್ತದೆ, ಉರುಳುವುದಿಲ್ಲ. ಕರುಳಿನಲ್ಲಿ ಈ ಚೌಕ ಹೇಗಾಗುತ್ತದೆ ಅಂತ ಅಧ್ಯಯನ ಮಾಡಿದವರಿಗೆ 2019ರಲ್ಲಿ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ, ಕೂಡ ಬಂತು.

ಬೇಲಿ ಮುಗಿದ ರಾತ್ರಿಯೇ ಕೆಳಮೂಲೆಯಲ್ಲಿ ತೂತು. ಮುಚ್ಚಿದೆ. ಮರುದಿನ ಅದೇ ಜಾಗದಲ್ಲಿ ತೂತು. ಕಲ್ಲು ತುಂಬಿದೆ. ಮೂರನೇ ದಿನ ಕಲ್ಲುಗಳು ಹೊರಗೆ, ಪಕ್ಕದಲ್ಲಿ ಚೌಕ ಲದ್ದಿ. ನಾಲ್ಕನೇ ರಾತ್ರಿ ಆ ತೂತಿನಿಂದ ನರಿ ಬಂತು. ಹತ್ತು ಕೋಳಿಯಲ್ಲಿ ಉಳಿದದ್ದು ಮೂರು.

ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ತೋರಿಸಿದೆ. "ಕಾಡುಹಂದಿ ಥರದ್ದೇ ಅಲ್ವನೋ ಇದು? ಬೇಲಿ ಸುತ್ತ ಅಗಳು ತೆಗೆಸು, ನಾಲ್ಕಡಿ ಆಳ," ಅಂದರು. ಹಂದಿಗೆ ಅಗಳು ಸರಿ. ಆಗ ನನಗೂ ಸರಿ ಅನ್ನಿಸಿತು. ಜೆಸಿಬಿ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಚಾವಾದೆವು. ಇಳಿಜಾರಿನಲ್ಲಿ ತೆಗೆದ ಅಗಳಿನಲ್ಲಿ ನೀರು ನಿಂತು ಕೆಳಗಿನ ಮಣ್ಣಿಗೆ ಇಂಗುತ್ತದೆ. ಮೇಲೆ ಟ್ಯಾಂಕ್ ಬೇರೆ.

ಪಕ್ಕದ ಗುಡ್ಡದಲ್ಲಿ ಒಬ್ಬ ಅಜ್ಜ ಇದ್ದಾರೆ. ಐವತ್ತು ವರ್ಷ ಹಾಲಿನ ದನ ಸಾಕಿ, ಈಗ ಸುಮ್ನೆ ಕೂತಿದ್ದಾರೆ. ಅವರು ತೂತು ನೋಡಿ ನಕ್ಕರು. "ಬೇಲಿ ಅದರ ರಸ್ತೆ ಮೇಲೆ ಹಾಕಿದ್ದೀರಿ" ಅಂದರು. ಕೂತು ನೋಡಿದರೆ ನಿಜ. ಹುಲ್ಲಿನಲ್ಲಿ ಒಂದು ಗೇಣು ಅಗಲದ ಸವೆದ ಜಾಡು, ಹಳ್ಳದ ಬಿಲದಿಂದ ಹೊರಟು ನಮ್ಮ ಕೋಳಿಗೂಡಿನ ಪಕ್ಕದಲ್ಲೇ ಹಾದು ಮೇಲಿನ ಹುಲ್ಲುಗಾವಲಿಗೆ ಹೋಗುತ್ತಿತ್ತು. ಅವರ ಸಲಹೆ, ಜಾಡು ಬೇಲಿಯನ್ನು ಮುಟ್ಟುವ ಜಾಗದಲ್ಲಿ ಒಂದು ಓಲಾಡುವ ಪುಟ್ಟ ಬಾಗಿಲು. ಇಲ್ಲಿ ಅದಕ್ಕೆ ವೊಂಬ್ಯಾಟ್ ಗೇಟ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದರ ಹೆಸರು ದಣಪೆ.

ಅದೇ ದಿನ ಅಜ್ಜ ನನ್ನ ಹೆಂಡತಿಯನ್ನು ಕೇಳಿದರು: "ನಿಮ್ಮಲ್ಲಿ ಸ್ಯಾಂಬಾರ್ ಇದೆಯಾ?" ಇವಳು, "ಇದೆ, ದಿನಾ ಮಾಡ್ತೀವಿ" ಅಂದಳು. ಅವರು ಕೇಳಿದ್ದು ಕಡವೆ ವಿಚಾರ. 1860ರ ದಶಕದಲ್ಲಿ ಬೇಟೆಗೆಂದು ವಿಕ್ಟೋರಿಯಾಕ್ಕೆ ತಂದು ಬಿಟ್ಟ ಕಡವೆಗಳು ಈಗ ಗಿಪ್ಸ್‌ಲ್ಯಾಂಡಿನ ಕಾಡುಗಳಲ್ಲಿ ದೊಡ್ಡ ಪಿಡುಗು. ಮೆಲ್ಬರ್ನಿನ ಬೀದಿಗಳಲ್ಲಿ ಕೂಗುವ ಗೊರವಂಕವೂ ಹೀಗೇ ಹೊರಗಿನಿಂದ ತಂದು ಬಿಟ್ಟದ್ದು. ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಇಲ್ಲಿಂದ ಬಂದದ್ದು ಅಂತ ನಾನೂ ತಿರುಗಿಸಿ ಹೇಳಿದೆ. ಲೆಕ್ಕ ಚುಕ್ತಾ.

ದಣಪೆ ಮಾಡಲು ತಡಮಾಡಿದೆ. ಅದು ನನ್ನ ತಪ್ಪು. ಕೆಲಸ, ಸೋಮಾರಿತನ, ಮಳೆ. ಅಷ್ಟರಲ್ಲಿ ಬೇಲಿಯಿಂದ ದಾರಿ ತಪ್ಪಿದ ವೊಂಬ್ಯಾಟ್ ಸುತ್ತು ಹಾಕಿ, ಟ್ಯಾಂಕಿನ ಕೆಳಗಿನ ಇಳಿಜಾರಿನಲ್ಲಿ ಹೊಸ ಬಿಲ ತೋಡಿತು. ಆಮೇಲೆ ಅಕ್ಟೋಬರ್ ಬಂತು. ವಿಕ್ಟೋರಿಯಾದ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಸುರಿದ ಅಕ್ಟೋಬರ್ ಅದು.

ಐದು ವಾರ

ಬಿಲ ಮುಚ್ಚಿ ಕಾಂಕ್ರೀಟ್ ಸುರಿಯುವುದು ನನ್ನ ಮೊದಲ ಯೋಚನೆ. ಮಾಡಲಿಲ್ಲ, ಒಳ್ಳೆಯತನದಿಂದಲ್ಲ, ಹೆದರಿಕೆಯಿಂದ. ವಿಕ್ಟೋರಿಯಾದ 1975ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಲ್ಲಿನ ಮೂಲ ಪ್ರಾಣಿಗಳಿಗೆಲ್ಲ ರಕ್ಷಣೆ ಇದೆ. ಬಿಲ ಹಾಳು ಮಾಡಲು, ವೊಂಬ್ಯಾಟನ್ನು ಓಡಿಸಲು ಸರ್ಕಾರದ ಅನುಮತಿ ಪತ್ರ ಬೇಕು. ಅರ್ಜಿ ಬರೆಯಲು ಕೂತಾಗ ಪ್ರಶ್ನೆಗಳಿಗೆ ಉತ್ತರ ಬೇಕಾಯಿತು. ಹಾನಿ ಏನು? ಆ ಪ್ರಾಣಿಯೇ ಮಾಡಿದ್ದು ಅಂತ ಹೇಗೆ ಹೇಳುತ್ತೀರಿ? ಬೇರೆ ಏನೇನು ಪ್ರಯತ್ನ ಮಾಡಿದ್ದೀರಿ? ಎರಡನೇ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಪ್ರಕರಣ ತಲೆಕೆಳಗಾಯಿತು.

ಬಿರುಕಿನ ಆಚೀಚೆ ಎರಡು ಗೂಟ ಹೊಡೆದು ನಡುವಿನ ಅಂತರ ಅಳೆಯಲು ಶುರು ಮಾಡಿದೆ. ಮೊದಲ ದಿನ ಬಿರುಕು 18 ಮಿಲಿಮೀಟರ್. ಎಂಟನೇ ದಿನ 31. ಆ ರಾತ್ರಿ ನಿದ್ದೆ ಬರಲಿಲ್ಲ. ಟ್ಯಾಂಕ್ ಖಾಲಿ ಮಾಡಲೇಬೇಕು. ಆದರೆ ವಾಲ್ವ್ ತಿರುಗಿಸಿ ಅಲ್ಲೇ ಬಿಟ್ಟರೆ ಅಷ್ಟೂ ನೀರು ಅದೇ ಇಳಿಜಾರಿಗೆ. ಅರವತ್ತು ಮೀಟರ್ ಪೈಪ್ ಜೋಡಿಸಿ ಗಾಡಿರಸ್ತೆಯ ಗಟ್ಟಿ ಚರಂಡಿಗೆ ಹರಿಸಿದೆವು. ಒಂದೂವರೆ ದಿನ ಬೇಕಾಯಿತು. ಬೇಸಿಗೆ, ಬೆಂಕಿಯ ಕಾಲ ಎದುರಿಗೇ ಇರುವಾಗ ಹಿಡಿದ ನೀರನ್ನೆಲ್ಲ ಕೈಯಾರೆ ಚೆಲ್ಲುವುದು ಎಂಥ ಸಂಕಟ!

ಯಾಕೆಂದರೆ ಗುಡ್ಡದಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಏರಿದರೆ ಬೆಂಕಿಯ ವೇಗ ಎರಡರಷ್ಟಾಗುತ್ತದೆ ಅಂತ ಇಲ್ಲಿನ ಅಗ್ನಿಶಾಮಕ ಸ್ವಯಂಸೇವಕರು ಬಂದವರಿಗೆಲ್ಲ ಹೇಳುತ್ತಾರೆ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾದಲ್ಲಿ 173 ಜನ ಸತ್ತರು. ಅವತ್ತಿನ ಬೆಂಕಿಗಳಲ್ಲಿ ಒಂದು ಇದೇ ಬೆಟ್ಟಸಾಲಿನ ಪೂರ್ವ ಭಾಗದ್ದು. ನಮ್ಮ ತೀರ್ಮಾನ ಸರಳ: ಅಪಾಯದ ದಿನ ಬೆಳಿಗ್ಗೆಯೇ ಮನೆ ಬಿಟ್ಟು ಹೊರಡುವುದು. ಆದರೂ ಅಗ್ನಿಶಾಮಕ ಗಾಡಿ ಬಂದರೆ ಅದಕ್ಕೆ 10,000 ಲೀಟರ್ ನೀರು ಇರಬೇಕು, ಅವರ ಪೈಪಿಗೆ ಹೊಂದುವ ಕಪ್ಲಿಂಗ್ ಇರಬೇಕು.

ನವೆಂಬರ್ ಮೂರನೇ ವಾರ ಮಣ್ಣಿನ ಇಂಜಿನಿಯರ್ ಒಬ್ಬರು ಬಂದರು. ನಾನು ಬಿಲದ ಕಡೆಗೇ ಕರೆದುಕೊಂಡು ಹೋದೆ. ಅವರು ಬಿಲಕ್ಕೆ ಟಾರ್ಚ್ ಬಿಟ್ಟು ನೋಡಿದರು, ಕೈ ಹಾಕಲಿಲ್ಲ. ಖಾಲಿ ಬಿಲದಲ್ಲಿ ಕಾಪರ್‌ಹೆಡ್ ಎಂಬ ವಿಷದ ಹಾವು ಇರಬಹುದು. (ಹಾವಿನ ಬಗ್ಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಮಂಡಲದ ಹಾವಿನ ಬಳಗವೇ ಇಲ್ಲ. ಇಲ್ಲಿನ ನೆಲದ ಅಪಾಯಕಾರಿ ವಿಷದ ಹಾವೆಲ್ಲ ನಾಗರ, ಕಟ್ಟುಹಾವಿನ ಬಳಗ. ಅದಕ್ಕೇ ಇಲ್ಲಿ ಕಚ್ಚಿದ ಕೈಕಾಲಿಗೆ ಪೂರ್ತಿ ಬಿಗಿಯಾಗಿ ಅಗಲ ಬ್ಯಾಂಡೇಜ್ ಸುತ್ತಿ, ಅಲ್ಲಾಡದಂತೆ ಮಲಗಿಸಿ ತುರ್ತು ಸಂಖ್ಯೆ 000ಕ್ಕೆ ಫೋನ್ ಮಾಡುತ್ತಾರೆ. ಮಂಡಲದ ಹಾವು ಕಚ್ಚಿದರೆ ಆ ಜಾಗದ ಮಾಂಸವೇ ಕೊಳೆಯುವುದರಿಂದ ಊರಲ್ಲಿ ಈ ಬಿಗಿ ಬ್ಯಾಂಡೇಜ್ ಕಟ್ಟುವುದು ಬೇಡ.)

ಬಿಲದ ಆಳ ಒಂದೂವರೆ ಮೀಟರ್, ಅಷ್ಟೇ. ಬಾಯಿಗೆ ಜೇಡರ ಬಲೆ. ಅವರು ಕೇಳಿದರು, "ಕೊನೆಯ ಸಲ ವೊಂಬ್ಯಾಟ್ ಕಂಡದ್ದು ಯಾವಾಗ?" ಮರಕ್ಕೆ ಕಟ್ಟಿದ್ದ ಕ್ಯಾಮೆರಾದ ಫೋಟೋ ತೆಗೆದು ನೋಡಿದೆ. ಸೆಪ್ಟೆಂಬರ್ 28. ಬಿರುಕು ಕಾಣುವ ಎರಡು ವಾರ ಮೊದಲೇ ಅದು ಬಿಲ ಬಿಟ್ಟು ಹೋಗಿತ್ತು. ಫೋಟೋ ನನ್ನ ಹತ್ತಿರವೇ ಇತ್ತು, ತಾರೀಕು ನೋಡಿರಲಿಲ್ಲ.

ಆಮೇಲೆ ಅವರು ಒಂದು ಕಬ್ಬಿಣದ ಸಲಾಕೆ ತೆಗೆದರು. ಟ್ಯಾಂಕಿನ ಹೊರ ಅಂಚಿನಲ್ಲಿ ನೆಲಕ್ಕೆ ಒತ್ತಿದರೆ, ಬೆಣ್ಣೆಗೆ ಚಾಕು ಇಳಿದ ಹಾಗೆ ಹಿಡಿಯ ತನಕ ಇಳಿಯಿತು. ಎರಡು ಹೆಜ್ಜೆ ಒಳಗೆ ಬಂದು ಒತ್ತಿದರೆ ಒಂದು ಗೇಣು ಮೇಲೆ ಹೋಗಲಿಲ್ಲ. ಒಳಗಿನದು ಗುಡ್ಡ. ಹೊರಗಿನದು ಗುಡ್ಡ ಕಡಿದಾಗ ಬಂದ ಮಣ್ಣು, ದಮ್ಮಸು ಮಾಡದೆ ತಳ್ಳಿದ್ದು. ಒಂದು ಗುಂಡಿ ತೋಡಿಸಿದರು. ಒಂದು ಮೀಟರ್ ಚಿಲ್ಲರೆ ಆಳದಲ್ಲಿ ನಾಲ್ಕು ಬೆರಳು ದಪ್ಪದ ಕಪ್ಪು ಪದರ ಸಿಕ್ಕಿತು. ಹಳೇ ಹುಲ್ಲು. ಹುಲ್ಲು ಕೆತ್ತಿ ತೆಗೆಯದೆ ಅದರ ಮೇಲೆಯೇ ಮಣ್ಣು ಸುರಿದಿದ್ದರು. ಬೆರಳಿನಲ್ಲಿ ಉಜ್ಜಿದರೆ ನೆನೆದ ಸಾಬೂನಿನ ಹಾಗೆ ಜಾರುತ್ತಿತ್ತು, ಮೂಸಿದರೆ ಕೊಳೆತ ಗೊಬ್ಬರದ ವಾಸನೆ.

ಕೊನೆಗೆ ಅವರು ಟ್ಯಾಂಕಿನ ಮೇಲಿಂದ ಇಳಿದ ಹೆಚ್ಚುವರಿ ನೀರಿನ ಪೈಪ್ ತೋರಿಸಿದರು. ಟ್ಯಾಂಕ್ ಕೂರಿಸಿದವರು ಅದನ್ನು ಒಂದು ಅಡಿ ಬಿಟ್ಟು ಅಲ್ಲಿಗೇ ನಿಲ್ಲಿಸಿದ್ದರು. ಪೈಪಿನ ಬಾಯಿ ಸರಿಯಾಗಿ ಆ ಸಡಿಲ ಮಣ್ಣಿನ ಮೇಲೆ. ನಮ್ಮ ಮಾಡು 180 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 180 ಲೀಟರ್. ಟ್ಯಾಂಕ್ ಜುಲೈಯಲ್ಲೇ ತುಂಬಿತ್ತು. ಅಲ್ಲಿಂದಾಚೆ 40 ಮಿಲಿಮೀಟರ್ ಮಳೆ ಬಂದ ದಿನವೆಲ್ಲ 7,200 ಲೀಟರ್ ನೀರು ಆ ಒಂದೇ ಜಾಗಕ್ಕೆ. ವೊಂಬ್ಯಾಟ್ ಅಲ್ಲಿ ತೋಡಿದ್ದು ಮಣ್ಣು ಮೆತ್ತಗಿತ್ತು ಅಂತ. ಬಿಟ್ಟು ಹೋದದ್ದು ಒದ್ದೆಯಾಯಿತು ಅಂತ.

"ಅಂದ್ರೆ ಅದಕ್ಕೆ ನಮಗಿಂತ ಮುಂಚೆ ಗೊತ್ತಾಗಿತ್ತು," ಅಂದಳು ಹೆಂಡತಿ. ಅರ್ಜಿಯನ್ನು ಅರ್ಧಕ್ಕೇ ಬಿಟ್ಟೆ.

ದುರಸ್ತಿ

ಹೆಚ್ಚುವರಿ ನೀರನ್ನು ಸೀದಾ ಹಳ್ಳಕ್ಕೆ ಪೈಪಿನಲ್ಲಿ ಬಿಡೋಣ ಅಂದುಕೊಂಡಿದ್ದೆವು. ಅದೂ ಆಗಲಿಲ್ಲ, ಮತ್ತೆ ಒಂದು ಪ್ರಾಣಿಯ ದೆಸೆಯಿಂದ. ಒಂದು ಸಂಜೆ ಹಳ್ಳದ ದಡದಲ್ಲಿ ನಡೆಯುವಾಗ ಕಾಲ ಕೆಳಗೆ ಗುಳುಗುಳು ಸದ್ದು. ಸ್ನಾನದ ಮನೆಯ ನೀರು ಕೊನೆಗೆ ಇಳಿಯುವಾಗ ಬರುತ್ತದಲ್ಲ, ಹಾಗೆ. ಹೂತ ಪೈಪ್ ಯಾವುದೋ ಒಡೆದಿದೆ ಅಂತ ಹೆದರಿ ಅಜ್ಜನಿಗೆ ಫೋನ್ ಮಾಡಿದೆ. "ಪೈಪ್ ಅಲ್ಲ, ಹುಳ" ಅಂದರು.

ಗಿಪ್ಸ್‌ಲ್ಯಾಂಡಿನ ದೈತ್ಯ ಎರೆಹುಳ. ಸಾಮಾನ್ಯವಾಗಿ ಒಂದು ಮೀಟರ್ ಉದ್ದ, ಎರಡು ಸೆಂಟಿಮೀಟರ್ ದಪ್ಪ. ಬ್ಯಾಸ್ ನದಿಯ ಕಣಿವೆಯ ಸುತ್ತಮುತ್ತಲಿನ ಈ ಸ್ವಲ್ಪ ಜಾಗ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಹಳ್ಳದ ದಡದ ಜೇಡಿಮಣ್ಣಿನಲ್ಲಿ, ಯಾವಾಗಲೂ ಒದ್ದೆಯಿರುವ ಬಿಲಗಳಲ್ಲಿ ಇರುತ್ತದೆ. ಮೇಲೆ ಹೆಜ್ಜೆ ಬಿದ್ದರೆ ಒಳಕ್ಕೆ ಸರಸರ ಎಳೆದುಕೊಳ್ಳುತ್ತದೆ, ಆ ಸದ್ದೇ ಗುಳುಗುಳು. ಇದಕ್ಕೂ ಕಾನೂನಿನ ರಕ್ಷಣೆ ಇದೆ. ದಡ ಅಗೆದರೂ ಸಾಯುತ್ತದೆ, ನೀರಿನ ಹದ ಬದಲಾದರೂ ಸಾಯುತ್ತದೆ. ನಮ್ಮ ಹಳ್ಳದ ದಡಕ್ಕೆ ಯಂತ್ರ ಇಳಿಸುವ ಯೋಜನೆ ಅಲ್ಲಿಗೆ ಮುಗಿಯಿತು.

ಕೊನೆಗೆ ಮಾಡಿದ್ದು ಇಷ್ಟು. ದೊಡ್ಡ ಟ್ಯಾಂಕನ್ನು ಮನೆಯ ಹಿಂದೆ, ಕಡಿದ ಗಟ್ಟಿ ನೆಲದ ಮೇಲೆ ಕೂರಿಸಿದೆವು. ಅದರ ಪಕ್ಕದಲ್ಲಿ ಬೆಂಕಿಗೆಂದೇ 10,000 ಲೀಟರಿನ ಇನ್ನೊಂದು. ಹೆಚ್ಚುವರಿ ನೀರು ಈಗ ದಿಣ್ಣೆಯ ಮೇಲಿನ ಮರಗಳ ನಡುವೆ, ಸಮಮಟ್ಟಕ್ಕೆ ಹಾಸಿದ 12 ಮೀಟರ್ ಉದ್ದದ ತೂತಿನ ಪೈಪಿನಿಂದ ಜಲ್ಲಿಯ ಮೇಲೆ ಹರಡಿ ಬೀಳುತ್ತದೆ. ಹಳೆಯ ಸಮತಟ್ಟಿನ ಮೇಲೆ ಏನೂ ಭಾರ ಇಡಬೇಡಿ, ಗಿಡ ನೆಡಿ ಅಂದರು ಇಂಜಿನಿಯರ್. ಬ್ಲ್ಯಾಕ್‌ವುಡ್, ಟೀಟ್ರೀ ಸಸಿ ನೆಟ್ಟೆವು. ಅರ್ಧವನ್ನು ವಾಲಬಿ ತಿಂದಿತು, ಮತ್ತೆ ನೆಟ್ಟೆವು. ಇಡೀ ಕೆಲಸಕ್ಕೆ ಆದ ಖರ್ಚಿನಲ್ಲಿ ಒಂದು ಒಳ್ಳೆಯ ಕಾರು ಬರುತ್ತಿತ್ತು. ಮೊದಲೇ ಆ ಪೈಪನ್ನು ಉದ್ದ ಮಾಡಿದ್ದರೆ ನೂರು ಡಾಲರಿನಲ್ಲಿ ಮುಗಿಯುತ್ತಿತ್ತೇನೋ. ಆ ಮಾತನ್ನು ಮನೆಯಲ್ಲಿ ಆಡುವುದಿಲ್ಲ.

ಮನೆಗಿಂತ 14 ಮೀಟರ್ ಮೇಲೆ 5,000 ಲೀಟರಿನ ಸಣ್ಣ ಟ್ಯಾಂಕ್ ಒಂದನ್ನೂ ಇಟ್ಟೆವು. ಇದು ನನ್ನ ಹಟ, ಊರಿನ ಅಭ್ಯಾಸ. ಪಂಪು ಮೂರು ದಿನಕ್ಕೊಮ್ಮೆ ಅದನ್ನು ತುಂಬಿಸುತ್ತದೆ, ಆಮೇಲೆ ನೀರು ತಾನಾಗಿ ಇಳಿಯುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ, ಹಾಗಾಗಿ ಶವರ್ ಸ್ವಲ್ಪ ಸೋಮಾರಿ. 2024ರ ಫೆಬ್ರವರಿ 13ರ ಬಿರುಗಾಳಿಗೆ ವಿಕ್ಟೋರಿಯಾದಲ್ಲಿ 5 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟ್ ಹೋಯಿತು. ಇದೇ ಬೆಟ್ಟಸಾಲಿನ ಮಿರ್‌ಬೂ ನಾರ್ತ್ ಊರಂತೂ ಜಜ್ಜಿಹೋಯಿತು. ನಮ್ಮಲ್ಲಿ ಮೂರು ದಿನ ಕರೆಂಟ್ ಇಲ್ಲ. ಅಜ್ಜನ ಮನೆಯಲ್ಲಿ ಟ್ಯಾಂಕ್ ತುಂಬ ನೀರಿದ್ದರೂ ಪಂಪಿಲ್ಲದೆ ನಲ್ಲಿ ಒಣ. ಬಕೆಟ್ ಹಿಡಿದು ಬಂದರು. ಸೋಮಾರಿ ಶವರಿನ ಕೆಳಗೆ ಸ್ನಾನವನ್ನೂ ಮಾಡಿಕೊಂಡು ಹೋದರು.

ದಣಪೆಗಳು ಎರಡು. ಕಬ್ಬಿಣದ ಚೌಕಟ್ಟಿಗೆ ಬಲೆ ಬಿಗಿದು, ಮೇಲಿನಿಂದ ತೂಗುಹಾಕಿದ್ದು. ವೊಂಬ್ಯಾಟ್ ತಲೆಯಿಂದ ತಳ್ಳಿದರೆ ಎರಡೂ ಕಡೆ ಓಲಾಡುತ್ತದೆ, ಮೊಲಕ್ಕೆ ಭಾರ. ಮೊದಲ ಹತ್ತು ದಿನ ಪೂರ್ತಿ ಎತ್ತಿ ಕಟ್ಟಿದ್ದೆವು, ಆಮೇಲೆ ಅರ್ಧ, ಆಮೇಲೆ ಬಿಟ್ಟೆವು. ಎತ್ತಿ ಕಟ್ಟಿದ್ದ ದಿನಗಳಲ್ಲಿ ಮೊಲ ನುಗ್ಗಿ ಬೀನ್ಸ್ ಸಾಲು ಮುಗಿಸಿತು. ಹನ್ನೆರಡನೇ ರಾತ್ರಿ ಕ್ಯಾಮೆರಾದಲ್ಲಿ ಆ ದಪ್ಪ ಹಿಂಭಾಗ ದಣಪೆಯ ಕೆಳಗೆ ನುಸುಳುವುದು ಸಿಕ್ಕಿತು. ಆ ಮೂಲೆಯಲ್ಲಿ ಮತ್ತೆ ತೂತು ಬಿದ್ದಿಲ್ಲ. ಬೇರೆ ವೊಂಬ್ಯಾಟ್ ಒಂದಿದೆ, ಅದಕ್ಕೆ ದಣಪೆ ಬೇಡವಂತೆ, ಪಕ್ಕದಲ್ಲೇ ತೋಡುತ್ತದೆ. ಕೋಳಿಗಳಿಗೆ ರಾತ್ರಿ ಬೇರೆ ಗಟ್ಟಿ ಗೂಡು ಮಾಡಿದ್ದೇವೆ.

ಅಪ್ಪ ಈಗಲೂ ಫೋನಿನಲ್ಲಿ ಕೇಳುತ್ತಾರೆ, ಅಗಳು ತೆಗೆಸಿದೆಯಾ ಅಂತ. ತೆಗೆಸ್ತೀನಿ ಅಪ್ಪಾ ಅನ್ನುತ್ತೇನೆ.

ಗೂಟಗಳನ್ನು ಕಿತ್ತಿಲ್ಲ. ಟ್ಯಾಂಕ್ ಖಾಲಿ ಮಾಡಿದ ಮೇಲೆ ಬಿರುಕು 34 ಮಿಲಿಮೀಟರಿಗೆ ನಿಂತಿತು, ತಿಂಗಳಿಗೊಮ್ಮೆ ಅಳೆದರೂ ಅಷ್ಟೇ ಇದೆ. ಕಳೆದ ಸಲ ಅಳೆಯಲು ಹೋದಾಗ ಕೆಳಗಿನ ಬಿಲದ ಬಾಯಲ್ಲಿ ಜೇಡರ ಬಲೆ ಇರಲಿಲ್ಲ. ಹೊಸದಾಗಿ ಎಳೆದು ಹಾಕಿದ ಮಣ್ಣು ಪುಡಿಪುಡಿಯಾಗಿ, ಒಣಗಿ ಬಿದ್ದಿತ್ತು. ಪಕ್ಕದ ಕಲ್ಲಿನ ಮೇಲೆ ನಾಲ್ಕು ಚೌಕ ಲದ್ದಿ.